ಮೌಸ್ ಹಿಡಿಯುವ ಪುಟ್ಟ ಕೈಗೆ ಆಟವೇ ಪಾಠ. ಆದರೂ ಗುರು ಬೇಕು

ಬೆಂಗಳೂರು: ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲಿ ಹಾರಲು ಕಲಿಯುವವರು ಮೊದಲು ಬೋಧಕರೊಂದಿಗೇ ವಿಮಾನ ಏರಬೇಕು. ಕಂಪ್ಯೂಟರ್ ಮುಂದೆ ಕೂರುವ ಐದಾರು ವರ್ಷದ ಮಗುವಿಗೆ ಮಾತ್ರ ಇಂಥ ಜೊತೆ ಸಿಗುವುದು ವಿರಳ.

ಮೊಬೈಲ್ ಪರದೆಯನ್ನು ಬೆರಳಲ್ಲಿ ಸರಿಸಬಲ್ಲ ಮಗು ಮೌಸ್ ಹಿಡಿದಾಗ ತಡವರಿಸುವುದು ಸಹಜ. ಕೈ ಚಲಿಸುವುದು ಮೇಜಿನ ಮೇಲೆ, ಬಾಣ ಚಲಿಸುವುದು ಪರದೆಯ ಮೇಲೆ. ಎರಡನ್ನೂ ಹೊಂದಿಸಲು ಆಟವೇ ಸುಲಭ ಮಾರ್ಗ. 2002ರಲ್ಲಿ ಬಂದ ‘ಟಕ್ಸ್ ಪೇಂಟ್’ ಎಂಬ ಉಚಿತ ತಂತ್ರಾಂಶದಲ್ಲಿ ಮಗು ಚಿತ್ರ ಬಿಡಿಸುತ್ತಲೇ ಗುಂಡಿ ಒತ್ತುವುದನ್ನು, ಗೆರೆ ಎಳೆಯುವುದನ್ನು ಕಲಿಯುತ್ತದೆ. ಅದನ್ನು ಕನ್ನಡದಲ್ಲಿಯೂ ಬಳಸಬಹುದು.

ಆದರೆ ಆಟವನ್ನು ಒದಗಿಸಿದರಷ್ಟೇ ಸಾಲದು ಎಂಬುದು ರಾಜ್ಯ ಕಂಡ ಸತ್ಯ. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸರ್ಕಾರಿ ಶಾಲೆಗಳ ಮಕ್ಕಳಿಗಾಗಿ ಆಟ, ಕಥೆಗಳ ಸಿ.ಡಿ.ಗಳನ್ನು ರೂಪಿಸಿತ್ತು. ಯಂತ್ರವು ಶಿಕ್ಷಕರ ಸ್ಥಾನ ತುಂಬಲಾರದೆಂಬ ಅರಿವಿನೊಂದಿಗೆ ಅದು ಬಳಿಕ ಶಿಕ್ಷಕರ ಸಾಮರ್ಥ್ಯ ವೃದ್ಧಿಯತ್ತ ಹೊರಳಿತು.

ಹೊತ್ತಿನ ಮಿತಿಯೂ ಮುಖ್ಯ. ಎರಡರಿಂದ ನಾಲ್ಕು ವರ್ಷದವರು ಕುಳಿತು ಪರದೆ ನೋಡುವ ಅವಧಿ ದಿನಕ್ಕೆ 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ.

ಅನುಕೂಲಸ್ಥರ ಮನೆಯಲ್ಲಿ ಮಗುವಿನ ಪಕ್ಕ ತಂದೆಯೋ ತಾಯಿಯೋ ಕೂರಬಹುದು. ಕೂಲಿಕಾರರ ಮಗುವಿಗೆ ಶಾಲೆಯೇ ಗತಿ. ಅಲ್ಲಿಗೆ ಕಂಪ್ಯೂಟರ್ ಕಳುಹಿಸಿ ಶಿಕ್ಷಕರಿಗೆ ತರಬೇತಿ ನೀಡದಿದ್ದರೆ ಯಂತ್ರಕ್ಕೆ ಧೂಳು ಹಿಡಿಯುತ್ತದೆ, ಮಕ್ಕಳ ನಡುವಿನ ಅಂತರ ಹಿಗ್ಗುತ್ತದೆ.