ಬರಗಾಲವು ಹಾಕಿಸಿದ ಹಳಿ

ವಿಜಯಪುರದಿಂದ ಬಾಗಲಕೋಟೆಗೆ ರೈಲಿನಲ್ಲಿ ಪ್ರಯಾಣ ಮಾಡುವ ವಾಚಕರು ಆಲಮಟ್ಟಿಯನ್ನು ಬಿಟ್ಟ ಮೇಲೆ ಕೃಷ್ಣೆಯನ್ನು ಕಂಡು ಕೈಮುಗಿಯುವುದುಂಟು. ಇಷ್ಟು ನೀರಿರುವ ನಾಡಿಗೆ ರೈಲುದಾರಿಯನ್ನು ತಂದುದು ನೀರಿಲ್ಲದ ಕಾಲವೆಂಬುದು ಮಾತ್ರ ಅನೇಕರಿಗೆ ತಿಳಿಯದು.

1876ರಲ್ಲಿ, ಎಂದರೆ ಧಾತು ಸಂವತ್ಸರದಲ್ಲಿ, ಮಳೆಯು ತಪ್ಪಿತು. ಈ ಸೀಮೆಗೆ ಆಗ ಕಲಾದಗಿ ಜಿಲ್ಲೆಯೆಂದು ಹೆಸರು. ಎರೆಭೂಮಿಯ ಒಕ್ಕಲಿಗರು ಒಳ್ಳೆಯ ವರ್ಷದ ಜೋಳವನ್ನು ಹಗೇವಿನಲ್ಲಿ ತುಂಬಿಟ್ಟು ಕೆಟ್ಟ ವರ್ಷವನ್ನು ದಾಟುತ್ತಿದ್ದರು. ಹಗೇವು ಬರಿದಾದರೆ ಹೊರಗಿನ ಕಾಳೇ ಗತಿ. ಸೊಲ್ಲಾಪುರದವರೆಗೆ ರೇಲ್ವೆಯು ಬಂದಿದ್ದರೂ ಅಲ್ಲಿಂದ ಈಚೆಗೆ ಎತ್ತಿನ ಗಾಡಿಯೊಂದೇ ಸಾಧನ. ಮೇವು ನೀರಿಲ್ಲದೆ ಎತ್ತುಗಳೇ ಸತ್ತ ಮೇಲೆ ಗಾಡಿಯನ್ನು ಎಳೆಯುವುದು ಯಾವುದು? 1872ರಲ್ಲಿ ಎಂಟು ಲಕ್ಷಕ್ಕೆ ಮೀರಿದ್ದ ಜಿಲ್ಲೆಯ ಜನಸಂಖ್ಯೆಯು 1881ರ ಖಾನೇಸುಮಾರಿಯಲ್ಲಿ ಆರೂವರೆ ಲಕ್ಷಕ್ಕಿಂತಲೂ ಕಡಿಮೆಯಾಯಿತು.

1880ರಲ್ಲಿ ಕ್ಷಾಮದ ಆಯೋಗವು, ಇಂಥ ಸೀಮೆಗಳಿಗೆ ರೇಲ್ವೆಯು ಅತ್ಯವಶ್ಯವೆಂದು ಸರಕಾರಕ್ಕೆ ಸಲಹೆಯಿತ್ತಿತು. 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿಯೊಡನೆ ಕರಾರಾಯಿತು. ದಾರಿಯು ಸರಕಾರದ ಸೊತ್ತು, ನಡೆಸುವ ಹೊಣೆ ಕಂಪನಿಯದು. 1884ರಲ್ಲಿ ಹೊಟಗಿ–ಗದಗ ದಾರಿಯ ಮೇಲೆ ಬಂಡಿಗಳು ಓಡತೊಡಗಿದವು. ಮಳೆಗಾಲದಲ್ಲಿ ಹರಗೋಲನ್ನು ನಂಬಿದ್ದ ಜನರಿಗೆ ಕೃಷ್ಣೆಯ ಮೇಲೆ ಸೇತುವೆಯಾಯಿತು.

ವೆಚ್ಚವನ್ನು ಹಿಡಿತದಲ್ಲಿಡಲು ಹಳಿಯನ್ನು ಒಂದು ಮೀಟರಿನ ಅಗಲಕ್ಕೆ ಹಾಕಿದರು. ಮುಂಬಯಿಯ ಕಡೆಯ ಹಳಿಯಾದರೋ ಐದೂವರೆ ಅಡಿಯದು. ಆದುದರಿಂದ ಪ್ರತಿಯೊಂದು ಚೀಲವನ್ನೂ ಹೊಟಗಿಯಲ್ಲಿ ಇಳಿಸಿ, ಬೇರೆ ಬಂಡಿಗೆ ಏರಿಸಬೇಕಾಗಿತ್ತು. ಅಂದಿನ ಮಿತವ್ಯಯದ ಕೂಲಿಯನ್ನು ಮುಂದಿನ ತಲೆಮಾರುಗಳವರು ತೆತ್ತರು.

ಹಳಿ ಬಂದಮೇಲೆ ಹಸಿವು ತೀರಿತೇ? 1896–97ರಲ್ಲಿ ಮತ್ತೆ ಕ್ಷಾಮವಾಯಿತು. ಈ ಸಲ ಕಾಳು ಪೇಟೆಯವರೆಗೆ ಬರಲು ದಾರಿಯಿತ್ತು. ಆದರೆ ಬೆಳೆಯೂ ಕೂಲಿಯೂ ಇಲ್ಲದವನ ಕೈಯಲ್ಲಿ ಅದನ್ನು ಕೊಳ್ಳುವ ದುಡ್ಡಿರಲಿಲ್ಲ. ಅಂಥವರು ಸರಕಾರದ ಬರಗಾಲದ ಕಾಮಗಾರಿಗಳಲ್ಲಿ ಕಲ್ಲೊಡೆದು ಹೊಟ್ಟೆ ಹೊರೆಯಬೇಕಾಯಿತು. ರೇಲ್ವೆಯು ಜೋಳವನ್ನು ಹೊತ್ತು ತರಬಲ್ಲದು, ಬೆಳೆಯಲಾರದು. ತಂದುದನ್ನು ಬಡವನ ಒಲೆಯವರೆಗೆ ಮುಟ್ಟಿಸಲೂ ಆರದು.

ಹೊಲಕ್ಕೆ ನೀರು ಕೊಡುವ ಕೆಲಸಕ್ಕೆ ಇದೇ ಆಲಮಟ್ಟಿಯಲ್ಲಿ ಅಡಿಗಲ್ಲು ಬಿದ್ದುದು 1964ರಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿಗಳ ಹಸ್ತದಿಂದ. ಹಳಿ ಬಂದು ಆಗಲೇ 80 ವರ್ಷಗಳಾಗಿದ್ದವು. ಆ ನೀರಿಗಾಗಿಯೂ ಅನೇಕ ಹಳ್ಳಿಗಳವರು, ಹಳೆಯ ಬಾಗಲಕೋಟೆಯವರು, ಮನೆಮಾರುಗಳನ್ನು ಬಿಟ್ಟೇಳಬೇಕಾಯಿತೆಂಬುದನ್ನು ಮರೆಯಬಾರದು.

1944ರಲ್ಲಿ ರೇಲ್ವೆಯ ಆಡಳಿತವೂ ಸರಕಾರದ ಕೈಸೇರಿತು. ಈ ಶತಮಾನದ ಮೊದಲ ದಶಕದಲ್ಲಿ ಹಳಿಯು ಅಗಲವಾಗಿ ಹೊಟಗಿಯ ಇಳಿಸಾಟ ಏರಿಸಾಟಗಳು ನಿಂತವು. ಇಂಥ ದಾರಿಯಿಂದ ಎಷ್ಟು ಲಾಭವೆಂದು ಲೆಕ್ಕ ಕೇಳುವವರು ಇಂದಿಗೂ ಇದ್ದಾರೆ. ಕೇಳಲಿ, ಆದರೆ 1872 ಮತ್ತು 1881ರ ಖಾನೇಸುಮಾರಿಗಳನ್ನೂ ಅದೇ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಲಿ.