ಪಾವತಿ ಇಲ್ಲದೆ ಪಾವತಿ ಇಲ್ಲ

ಮರಾಠಿಯಲ್ಲಿ 'ಪಾವತಿ' ಅಂದ್ರೆ ರಸೀದಿ. ನಮ್ಮ ಬಾಯಲ್ಲಿ ಪಾವತಿ ಅಂದ್ರೆ ದುಡ್ಡು ಕೊಡೋದು. ಊರಿಂದ ಹೊಸದಾಗಿ ಡೊಂಬಿವಲಿಗೆ ಬಂದವರು ಬಿಲ್ಲು ಕಟ್ಟುವ ಕಿಟಕಿಯಲ್ಲಿ "ಪಾವತಿ ಘ್ಯಾ" ಅನ್ನಿಸಿಕೊಂಡು ತಬ್ಬಿಬ್ಬಾಗೋದು ಇದ್ದದ್ದೇ. ದುಡ್ಡು ಕೊಟ್ಟಾಯ್ತಲ್ಲ, ಇನ್ನೇನು ಪಾವತಿ ಅಂತ! ಈಚೆಗೆ ಥಾಣೆ, ನವಿಮುಂಬಯಿ ಕಡೆಯ ಸಣ್ಣಪುಟ್ಟ ಕಂಪನಿಗಳಲ್ಲೂ ನೌಕರರ ಖರ್ಚಿನ ಕ್ಲೇಮಿಗೆ ಮೊಬೈಲ್ ಆ್ಯಪ್ ಬಂದಿದೆ. ನಾನು ನೋಡಿದ ಆ್ಯಪ್‌ಗಳ ನಿಯಮವನ್ನೆಲ್ಲ ಒಂದೇ ಸಾಲಲ್ಲಿ ಹೇಳಬಹುದು: ಮರಾಠಿಯ ಪಾವತಿ ಇಲ್ಲದಿದ್ದರೆ ಕನ್ನಡದ ಪಾವತಿ ಇಲ್ಲ.

ನಾನು ಆ್ಯಪ್ ವಿರೋಧಿ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಮೂವತ್ತು ವರ್ಷ ಅಕೌಂಟ್ಸ್ ಖಾತೆಯಲ್ಲಿ ಕೂತು ವೋಚರ್ ನೋಡಿದವನು ನಾನು. ರೈಲು ಟಿಕೆಟ್ಟು, ಝೆರಾಕ್ಸ್ ಬಿಲ್ಲು, ಕೊರಿಯರ್ ಚೀಟಿ ಎಲ್ಲಕ್ಕೂ ಗುಂಡುಸೂಜಿ ಚುಚ್ಚಿ ಕೊಡ್ತಿದ್ದರು. ಸಾಹೇಬರು ಟೂರ್‌ನಲ್ಲಿದ್ದರೆ ಸಹಿ ಇಲ್ಲ, ಸಹಿ ಆದ ದಿನ ಪೆಟ್ಟಿ ಕ್ಯಾಶ್‌ನಲ್ಲಿ ದುಡ್ಡಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಆ ಕಾಗದದ ರಾಶಿಯ ಬಗ್ಗೆ ನನಗೆ ಯಾವ ಮಮಕಾರವೂ ಉಳಿದಿಲ್ಲ.

ಈಗಿನ ಸೌಲಭ್ಯ ನಿಜಕ್ಕೂ ಚೆನ್ನಾಗಿದೆ. ಕೋಡ್ ಬರೆಯದೆ ಆ್ಯಪ್ ಮಾಡಬಹುದು. ಮೈಕ್ರೋಸಾಫ್ಟ್‌ನವರದು ಪವರ್ ಆ್ಯಪ್ಸ್, ಝೋಹೋದವರದು ಕ್ರಿಯೇಟರ್, ಗೂಗಲ್ 2020ರಲ್ಲಿ ಕೊಂಡುಕೊಂಡದ್ದು ಆ್ಯಪ್‌ಶೀಟ್. ಒಂದು ಶೀಟಿನಲ್ಲಿ ತಾರೀಖು, ಎಲ್ಲಿಂದ, ಎಲ್ಲಿಗೆ, ಎಷ್ಟು ರೂಪಾಯಿ, ಬಿಲ್ಲಿನ ಫೋಟೋ ಅಂತ ಕಾಲಂ ಹಾಕಿದರೆ ಅದೇ ಫಾರಂ ಆಗುತ್ತೆ. ನೌಕರ ತುಂಬಿಸಿದ ಕೂಡಲೇ ಸಾಹೇಬರಿಗೆ ಮೇಲ್ ಹೋಗುತ್ತೆ, ಅವರು ಒತ್ತಿದರೆ ಅಕೌಂಟ್ಸ್‌ಗೆ ಬರುತ್ತೆ. ಎಕ್ಸೆಲ್ ಗೊತ್ತಿರುವ ಗುಮಾಸ್ತನೇ ಕೂತು ಕಲಿತು ಮಾಡಬಲ್ಲ.

ತಕರಾರಿರೋದು ಒಂದು ಸಣ್ಣ ಟಿಕ್ ಮಾರ್ಕಿನ ಬಗ್ಗೆ. 'ಬಿಲ್ಲಿನ ಫೋಟೋ' ಅನ್ನೋ ಕಾಲಂ ಮುಂದೆ 'ಕಡ್ಡಾಯ' ಅಂತ ಟಿಕ್ ಮಾಡಿಬಿಡ್ತಾರೆ. ಫೋಟೋ ಇಲ್ಲದೆ ಫಾರಂ ಮುಂದಕ್ಕೇ ಹೋಗೋಲ್ಲ.

ಈಗ ಹೇಳಿ, ಕಲ್ಯಾಣದಿಂದ ಹೊರಟು ಥಾಣೆಯಲ್ಲಿ ಗಾಡಿ ಬದಲಿಸಿ ರಬಾಳೆಗೋ ತುರ್ಭೆಗೋ ಇಳಿದು, ಸ್ಟೇಷನ್ ಹೊರಗೆ ಶೇರ್ ರಿಕ್ಷಾ ಹತ್ತಿ ಎಂಐಡಿಸಿಗೆ ಹೋಗುವ ಹುಡುಗ ಯಾವ ಬಿಲ್ಲಿನ ಫೋಟೋ ತೆಗೀಬೇಕು? ರೈಲಿಗೆ ಅವನ ಹತ್ರ ತಿಂಗಳ ಪಾಸಿದೆ, ಆ ಒಂದು ಪ್ರಯಾಣಕ್ಕೆ ಬೇರೆ ಟಿಕೆಟ್ ಇಲ್ಲ. ಶೇರ್ ರಿಕ್ಷಾದವನು ಕಾಗದ ಕೊಡೋಲ್ಲ. ಗೋದಾಮಿನ ಹತ್ರ ಭಾರ ಇಳಿಸಿಕೊಟ್ಟವನಿಗೆ ಐವತ್ತು ಕೊಟ್ಟರೆ ಅದಕ್ಕೂ ಚೀಟಿಯಿಲ್ಲ. ಯುಪಿಐ ಇದೆಯಲ್ಲ ಅಂತೀರಾ? ಅದರ ಸ್ಕ್ರೀನಿನಲ್ಲಿ ಯಾರದೋ ಹೆಸರು, ಎಷ್ಟೋ ರೂಪಾಯಿ ಅಷ್ಟೇ ಕಾಣುತ್ತೆ. ಎಲ್ಲಿಂದ ಎಲ್ಲಿಗೆ ಅಂತಿಲ್ಲ. "ಇದು ಬಿಲ್ ಅಲ್ಲ" ಅಂತ ವಾಪಸ್ ಬಂದದ್ದನ್ನ ನಾನೇ ನೋಡಿದ್ದೀನಿ.

ದಿನಕ್ಕೆ 80 ರೂಪಾಯಿ ಅಂತ ಇಟ್ಟುಕೊಳ್ಳಿ. 22 ದಿನಕ್ಕೆ 1,760 ಆಯ್ತು. ದೊಡ್ಡ ಸಾಹೇಬರಿಗೆ ಇದೇನು ಲೆಕ್ಕ ಅಲ್ಲ. ವಿಮಾನ, ಹೋಟೆಲು, ಓಲಾ, ಉಬರ್ ಎಲ್ಲಕ್ಕೂ ಅವರಿಗೆ ಬಿಲ್ ತಾನಾಗಿ ಮೇಲ್‌ಗೆ ಬರುತ್ತೆ. ಇಪ್ಪತ್ತು ಸಾವಿರ ಸಂಬಳದ ಹುಡುಗನಿಗೆ ಅದು ಮನೆಯ ಗ್ಯಾಸು, ಮಗುವಿನ ಟ್ಯೂಷನ್ ಫೀಸು. ತನ್ನ ಜೇಬಿನಿಂದ ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟು, ಆ ಸಾಲವೂ ವಾಪಸ್ ಬರೋಲ್ಲ ಅಂದ್ರೆ ಹೇಗೆ?

ಮಹಾಪೆ ಕಡೆಯ ಒಂದು ಕಂಪನಿ, ಹೆಸರು ಬೇಡ. ಅಲ್ಲೊಬ್ಬ ಹುಡುಗನ ಕ್ಲೇಮು ಫೋಟೋ ಇಲ್ಲ ಅಂತ ಎರಡು ಸಲ ವಾಪಸ್ ಬಂತು. ಮೂರನೇ ತಿಂಗಳಿಂದ ಅವನು ಶೇರ್ ರಿಕ್ಷಾ ಬಿಟ್ಟು ಕ್ಯಾಬ್ ಬುಕ್ ಮಾಡತೊಡಗಿದ. ಬಿಲ್ ಬಂತು, ಫೋಟೋ ಹಾಕಿದ, ಪಾಸಾಯ್ತು! ಇಪ್ಪತ್ತು ಮೂವತ್ತು ರೂಪಾಯಲ್ಲಿ ಮುಗಿಯೋದಕ್ಕೆ ಕಂಪನಿ ಇನ್ನೂರರ ಮೇಲೆ ಕೊಟ್ಟಿತು. ಹುಡುಗನನ್ನ ನಾನು ದೂರೋಲ್ಲ. ಆ್ಯಪ್ ಹೇಳಿಕೊಟ್ಟದ್ದನ್ನೇ ಅವನು ಕಲಿತ.

ಬಿಲ್ ಕೇಳದಿದ್ದರೆ ಸುಳ್ಳು ಲೆಕ್ಕ ಬರುತ್ತೆ ಅನ್ನೋ ಮಾತಲ್ಲೂ ಹುರುಳಿದೆ. 2005ರ ಜುಲೈ 26ರ ಮಳೆಗೆ ಲೋಕಲ್ ನಿಂತಿದ್ದಾಗ, ಮರುದಿನದ ತಾರೀಖು ಹಾಕಿ ಚರ್ಚ್‌ಗೇಟಿಗೆ ಹೋಗಿಬಂದೆ ಅಂತ ವೋಚರ್ ಕೊಟ್ಟ ಭೂಪನೂ ನಮ್ಮಲ್ಲಿದ್ದ. ಆದರೆ ಅವನು ಸಿಕ್ಕಿಬಿದ್ದದ್ದು ಬಿಲ್ಲಿನಿಂದಲ್ಲ, ವೋಚರ್ ನೋಡುವವನಿಗೆ ರೈಲು ಗೊತ್ತಿದ್ದರಿಂದ. ನಮ್ಮವರಲ್ಲಿ ಎಷ್ಟೋ ಜನ ಹಗಲು ಹೋಟೆಲಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಬಿ.ಕಾಂ. ಮುಗಿಸಿ ಅಕೌಂಟ್ಸ್ ಸೇರಿದವರು. ಯಾವ ಸ್ಟೇಷನ್‌ನಿಂದ ಎಲ್ಲಿಗೆ ಎಷ್ಟಾಗುತ್ತೆ ಅಂತ ಅವರಿಗೆ ಬಾಯಿಪಾಠ. ಅದಕ್ಕೇ ಆಗ ಬಿಲ್ಲಿಲ್ಲದ ಖರ್ಚಿಗೆ ನೌಕರನೇ ಬರೆದು ಸಹಿ ಹಾಕುವ ಕನ್ವೇಯನ್ಸ್ ವೋಚರ್ ನಡೀತಿತ್ತು.

ಆ ಬಾಯಿಪಾಠವನ್ನೇ ಆ್ಯಪ್‌ಗೆ ಹಾಕಬಹುದಲ್ಲ? ಇನ್ನೊಂದು ಶೀಟಿನಲ್ಲಿ ದಾರಿ ಮತ್ತು ದರದ ಪಟ್ಟಿ ಮಾಡಿ. ತುರ್ಭೆ ಸ್ಟೇಷನ್‌ನಿಂದ ಎಂಐಡಿಸಿ ಇಷ್ಟು, ಕಲ್ಯಾಣ ಸ್ಟೇಷನ್‌ನಿಂದ ತಳೋಜಾ ಇಷ್ಟು. ನೌಕರ ದಾರಿ ಆರಿಸಿದರೆ ಮೊತ್ತ ತಾನೇ ಬರಲಿ, ಫೋಟೋ ಬೇಡ. ರಿಕ್ಷಾ ದರ ಏರಿದಾಗ ಪಟ್ಟಿ ತಿದ್ದಿದರಾಯ್ತು. 2025ರ ಫೆಬ್ರವರಿಯಲ್ಲಿ ಮೀಟರಿನ ಕನಿಷ್ಠ ದರ 23ರಿಂದ 26 ಆಯಿತಲ್ಲ, ಹಾಗೆ. ಸಣ್ಣ ಖರ್ಚಿಗೆ ಇನ್ನೂರು ರೂಪಾಯಿ ತನಕ ಫೋಟೋ ಬೇಡ ಅನ್ನಿ. ಜಿಎಸ್‌ಟಿ ಕಾನೂನೇ, ನೋಂದಣಿ ಇಲ್ಲದ ಗಿರಾಕಿ ಕೇಳದಿದ್ದರೆ 200 ರೂಪಾಯಿಗಿಂತ ಕಡಿಮೆಯ ಮಾರಾಟಕ್ಕೆ ಬೇರೆ ಬೇರೆ ಬಿಲ್ ಬೇಡ ಅನ್ನುತ್ತೆ. ಸರಕಾರಕ್ಕಿಂತ ನಮ್ಮ ಕಂಪನಿಗಳು ಯಾಕೆ ಕಟ್ಟುನಿಟ್ಟಾಗಬೇಕು?

ಇನ್ನೊಂದು ಅನ್ಯಾಯ ನೋಡಿ. ನೌಕರ ಏಳು ದಿನದೊಳಗೆ ಕ್ಲೇಮ್ ಹಾಕಬೇಕು, ಇಲ್ಲದಿದ್ದರೆ ಫಾರಂ ಮುಚ್ಚಿಹೋಗುತ್ತೆ. ಸಾಹೇಬರಿಗೆ ಮಾತ್ರ ಗಡುವಿಲ್ಲ! ಮೂರು ದಿನ ಒತ್ತದಿದ್ದರೆ ಮೇಲಿನವರಿಗೆ ಹೋಗಲಿ ಅಂತ ಅದೇ ಆ್ಯಪ್‌ಗೆ ಹೇಳಬಹುದು. 2019ರ ಡಿಸೆಂಬರ್‌ನಿಂದ ಎನ್‌ಇಎಫ್‌ಟಿ ಹಗಲೂ ರಾತ್ರಿ ನಡೆಯುತ್ತೆ. ಬ್ಯಾಂಕ್ ರಜೆ ಅನ್ನೋ ನೆಪವೂ ಈಗ ಉಳಿದಿಲ್ಲ.

ಒಂದು ಎಚ್ಚರಿಕೆಯೂ ಬೇಕು. ಗೂಗಲ್‌ನ ಆ್ಯಪ್ ಮೇಕರ್ ಅಂತ ಒಂದಿತ್ತು, 2021ರ ಜನವರಿಯಲ್ಲಿ ಬಾಗಿಲು ಹಾಕಿತು. ಆ್ಯಪ್ ಮಾಡಿದ ಹುಡುಗ ಕೆಲಸ ಬಿಟ್ಟರೂ ಅದೇ ಗತಿ. ಶೀಟು ಯಾರೊಬ್ಬರ ಸ್ವಂತ ಖಾತೆಯಲ್ಲಿರದೆ ಕಂಪನಿಯ ಖಾತೆಯಲ್ಲಿರಲಿ, ತಿಂಗಳಿಗೊಂದು ಪ್ರತಿ ತೆಗೆದಿಡಿ.

ಕೋಡ್ ಬರೆಯೋದು ಬೇಡ ಅಂದಮೇಲೆ ಫಾರಂ ಮಾಡೋಕೆ ಹೊರಗಿನ ಪಂಡಿತರೂ ಬೇಡ. ಪೆಟ್ಟಿ ಕ್ಯಾಶ್ ಗುಮಾಸ್ತನನ್ನೂ ರಿಕ್ಷಾ ಹತ್ತಿ ತಿರುಗುವ ಹುಡುಗನನ್ನೂ ಒಂದು ಮಧ್ಯಾಹ್ನ ಕೂರಿಸಿಕೊಂಡರೆ ಸಾಕು. 'ಎಲ್ಲಿಂದ, ಎಲ್ಲಿಗೆ' ಅನ್ನೋದನ್ನ ಇಂಗ್ಲಿಷಿನ ಬದಲು ಮರಾಠಿಯಲ್ಲೋ ಹಿಂದಿಯಲ್ಲೋ ಬರೆದರೆ ಅರ್ಧ ತಪ್ಪು ಅಲ್ಲೇ ಕಡಿಮೆಯಾಗುತ್ತೆ.

ನಮ್ಮವರ ಮಕ್ಕಳಲ್ಲಿ ಎಷ್ಟೋ ಜನ ಈಗ ಐರೋಲಿಯ ಐಟಿ ಪಾರ್ಕುಗಳಲ್ಲಿ ಇಂಥದ್ದೇ ಕೆಲಸ ಮಾಡ್ತಿದ್ದಾರೆ. ಅವರಿಗೆ ನನ್ನ ವಿನಂತಿ ಇಷ್ಟೇ. 'ಕಡ್ಡಾಯ' ಅಂತ ಟಿಕ್ ಮಾಡೋ ಮೊದಲು ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ಶೇರ್ ರಿಕ್ಷಾದಲ್ಲಿ ನಾಲ್ಕನೆಯವರಾಗಿ ಡ್ರೈವರ್ ಪಕ್ಕ ಕೂತು ಹೋಗಿ. ಇಳಿಯುವಾಗ ಅವನ ಹತ್ರ ಪಾವತಿ ಕೇಳಿ ನೋಡಿ. ಅವನೇನು ಹೇಳ್ತಾನೋ ಕೇಳಿಸಿಕೊಂಡು, ಆಮೇಲೆ ಟಿಕ್ ಮಾಡಿ.