ಜಾರುಬಾಗಿಲು ಹಠ ಹಿಡಿದಾಗ

ಹನೂರಿನಿಂದ ಸೋದರಿಯೊಬ್ಬರು ಬರೆದಿದ್ದಾರೆ: ಮನೆ ಕಟ್ಟಿಸಿ ಮೂರು ವರ್ಷವೂ ಆಗಿಲ್ಲ, ಹಿಂಬದಿಯ ಗಾಜಿನ ಜಾರುಬಾಗಿಲು ಅತ್ತೆಯವರ ಕೈಲಿ ಎಳೆಯೋಕೇ ಆಗ್ತಿಲ್ಲವಂತೆ. ಕೊಬ್ಬರಿ ಎಣ್ಣೆ ಬಿಟ್ಟರೆ ಎರಡು ದಿನ ಸಲೀಸು, ಆಮೇಲೆ ಮೊದಲಿಗಿಂತ ಕಷ್ಟ. ಬಾಗಿಲನ್ನೇ ಬದಲಾಯಿಸಬೇಕಾ ಅಂತ ಕೇಳಿದ್ದಾರೆ.

ಅವಸರ ಬೇಡಿ. ದುಡ್ಡು ಸುರಿಯುವ ಮುಂಚೆ ಒಮ್ಮೆ ಬಗ್ಗಿ ಕೆಳಗಿನ ಟ್ರ್ಯಾಕ್ ನೋಡಿ. ಮಹದೇಶ್ವರ ಬೆಟ್ಟಕ್ಕೆ ಹೋಗುವ ಎಷ್ಟೋ ಬಸ್ಸು, ಕಾರು ನಿಮ್ಮೂರನ್ನು ಹಾದೇ ಹೋಗುತ್ತವೆ. ಶಿವರಾತ್ರಿ, ದೀಪಾವಳಿ ಜಾತ್ರೆಯಲ್ಲಂತೂ ಧೂಳಿನ ಮಾತು ಕೇಳುವುದೇ ಬೇಡ. ಆ ಧೂಳು ಎಣ್ಣೆಗೆ ಅಂಟಿಕೊಂಡರೆ ಸಾಣೆ ಹಿಡಿದಂತೆಯೇ. ಬಾಗಿಲಿನ ಅಡಿಯ ರೋಲರನ್ನೂ, ಅದು ಓಡುವ ಅಲ್ಯೂಮಿನಿಯಂ ಕಂಬಿಯನ್ನೂ ದಿನಾ ತೇಯುತ್ತಿರುತ್ತದೆ. (ಬೋಂಡ ಕರಿದುಳಿದ ಎಣ್ಣೆ ಬಿಡುವವರೂ ಇದ್ದಾರೆ. ಇರುವೆಗಳಿಗೆ ಹಬ್ಬ!)

ಮೊದಲೇ ನೀರು ಹುಯ್ಯಬೇಡಿ, ಕೆಸರಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಣ ಮಣ್ಣು ತೆಗೆದು, ಸೋಪಿನ ಬೆಚ್ಚನೆ ನೀರಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಸರಿ, ಅಲ್ಯೂಮಿನಿಯಮ್ಮಿಗೆ ಬೇಡ. ಬಚ್ಚಲು ತೊಳೆಯುವ ಆಸಿಡ್, ವಾಷಿಂಗ್ ಸೋಡ ಹತ್ತಿರಕ್ಕೂ ತರಬೇಡಿ, ಲೋಹವನ್ನೇ ತಿನ್ನುತ್ತವೆ. ಪೂರ್ತಿ ಒಣಗಿದ ಮೇಲೆ ಮೇಣದಬತ್ತಿಯ ತುಂಡನ್ನು ಕಂಬಿಯ ಮೇಲೆ ಎರಡು ಸಲ ಉಜ್ಜಿ, ಬಾಗಿಲನ್ನು ಹತ್ತು ಸಲ ಆಚೆ ಈಚೆ ಓಡಿಸಿ. ಮೇಣ ಎಣ್ಣೆಯಷ್ಟು ಧೂಳು ಹಿಡಿಯುವುದಿಲ್ಲ.

ಟ್ರ್ಯಾಕಿನ ಹೊರ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ಇರುವೆ ಬರ್ತವೆ ಅಂತ ಅದಕ್ಕೆ ಸಿಮೆಂಟು ಮೆತ್ತುವವರಿದ್ದಾರೆ. ಮಳೆನೀರು ಹೊರಹೋಗುವ ದಾರಿಯೇ ಅದು! ಮುಚ್ಚಿದರೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ನೀರು ನೇರ ನಿಮ್ಮ ನಡುಮನೆಗೇ. ಪೊರಕೆ ಕಡ್ಡಿಯಿಂದ ಬಿಡಿಸಿ.

ಇಷ್ಟಾದರೂ ಬಾಗಿಲು ಕರಕರ ಎನ್ನುತ್ತಿದ್ದರೆ, ಅದರ ಪಕ್ಕದ ಅಂಚಿನಲ್ಲಿ, ತಳದ ಹತ್ತಿರ, ಸ್ಕ್ರೂ ಇದೆಯಾ ನೋಡಿ. ಎಷ್ಟೋ ಬಾಗಿಲುಗಳಲ್ಲಿ ರೋಲರನ್ನು ಏರಿಸಿ ಇಳಿಸುವುದು ಅದೇ. ಕಾಲು ಸುತ್ತಷ್ಟೇ ತಿರುಗಿಸಿ, ಓಡಿಸಿ ನೋಡಿ, ಆಮೇಲೆ ಮುಂದುವರಿಸಿ.

ರೋಲರೇ ಸವೆದಿದ್ದರೆ ಬಾಗಿಲು ಎತ್ತಿ ತೆಗೆಯಬೇಕು. ಅದನ್ನು ಒಬ್ಬರೇ ಖಂಡಿತ ಮಾಡಬೇಡಿ. ಗಾಜಿನ ಭಾರ ಒಮ್ಮೆ ವಾಲಿದರೆ ತಡೆಯೋಕೆ ಆಗಲ್ಲ. ಅಲ್ಯೂಮಿನಿಯಂ ಕೆಲಸದವರನ್ನೇ ಕರೆಸಿ, ಮಕ್ಕಳನ್ನು ಆಚೆ ಕಳಿಸಿ. ರೋಲರಿನ ಅಳತೆ ಒಂದೊಂದು ಬಾಗಿಲಿಗೆ ಒಂದೊಂದು, ಹಳೆಯದನ್ನು ಅಂಗಡಿಗೆ ಒಯ್ದು ತೋರಿಸಿಯೇ ಕೊಳ್ಳಿ. ಬಾಗಿಲು ಕೂರಿಸಿದ ಮೇಲೆ, ಕೆಲಸದವರು ಹೊರಡುವ ಮುಂಚೆ, ನಿಮ್ಮ ಅತ್ತೆಯವರ ಕೈಲೇ ಒಮ್ಮೆ ಎಳೆಸಿ ನೋಡಿ.

ಹಬ್ಬಕ್ಕೆ ಸುಣ್ಣ ಬಣ್ಣ ಹೊಡೆಸುವಾಗ ಟ್ರ್ಯಾಕಿನ ಮೇಲೆ ಹಳೇ ಪೇಪರ್ ಹಾಸುವುದು ಮರೀಬೇಡಿ.